ಚಳಿಗೆ ಅಂಗಳಕ್ಕಿಳಿಯದ ಕೆಂಪಿ

ಓದುಗರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರಗಳು. ಶಿರಸಿಯಿಂದ 12 ಕಿಲೋಮೀಟರು ಒಳಗೆ, ಅಡಿಕೆ ತೋಟದ ತಲೆಯಲ್ಲಿ ನಮ್ಮ ಮನೆಯಿದೆ. ಪೇಟೆಯಲ್ಲಿ ಅಲೆಯುತ್ತಿದ್ದ, ಸುಮಾರು ಒಂದೂವರೆ ವರ್ಷದ ಹೆಣ್ಣು ನಾಯಿಯೊಂದನ್ನು ಡಿಸೆಂಬರ್ ಮೊದಲ ವಾರ ಮನೆಗೆ ತಂದು ಸಾಕುತ್ತಿದ್ದೇವೆ. ಲಸಿಕೆ ಮತ್ತು ಸಂತಾನಹರಣ ಶಸ್ತ್ರಚಿಕಿತ್ಸೆ ಎರಡೂ ಆಗಿವೆ. ಮಕ್ಕಳು ಕೆಂಪಿ ಎಂದು ಹೆಸರಿಟ್ಟಿದ್ದಾರೆ. ಸ್ವಭಾವ ಬಹಳ ಸಾಧು. ತೊಂದರೆ ಇರುವುದು ಒಂದೇ ವಿಷಯದಲ್ಲಿ. ಬೆಳಿಗ್ಗೆ ಐದೂವರೆಗೆ ಹೊರಗೆ ಕರೆದೊಯ್ದರೆ ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಒಂದು ಕಾಲಿಟ್ಟು ಹಿಂದೆಗೆಯುತ್ತದೆ. ಹತ್ತು ನಿಮಿಷ ನಿಂತರೂ ಏನೂ ಮಾಡುವುದಿಲ್ಲ. ಒಳಗೆ ಬಂದೊಡನೆ ಬಚ್ಚಲುಮನೆಯಲ್ಲಿ ಇಲ್ಲವೇ ಜಗಲಿಯ ಮೂಲೆಯಲ್ಲಿ ಮಾಡಿಬಿಡುತ್ತದೆ. ರಾತ್ರಿ ಬಚ್ಚಲೊಲೆಯ ಬೂದಿಯ ಪಕ್ಕ ಮಲಗಿದರೆ ಎಬ್ಬಿಸಿದರೂ ಏಳುವುದಿಲ್ಲ. ಅಂಗಳದಲ್ಲಿ ಈಗ ಅಡಿಕೆ ಒಣಗುತ್ತಿದೆ; ಎರಡು ಸಲ ಅದರ ಅಂಚಿನಲ್ಲೇ ಹೊಲಸು ಮಾಡಿದೆ. ನಮ್ಮ ಅತ್ತೆಯವರಿಗೆ ಮಡಿಯ ನೇಮವಿದೆ. ಪ್ರತಿ ಸಲವೂ ಅವರು ಗೋಮೂತ್ರ ಚಿಮುಕಿಸಿ ನೆಲ ಸಾರಿಸುತ್ತಾರೆ. ಬಾಯಿಬಿಟ್ಟು ಏನೂ ಹೇಳದಿದ್ದರೂ ಅವರಿಗೆ ಕಷ್ಟವಾಗುತ್ತಿದೆಯೆಂದು ನನಗೆ ಗೊತ್ತು. ಬೈದರೆ ಕೆಂಪಿ ಬಾಲ ಮುದುರಿ ಮಂಚದಡಿ ಸೇರಿಕೊಳ್ಳುತ್ತದೆ. ಬೀದಿಯಲ್ಲಿ ಬೆಳೆದ ನಾಯಿಗೆ ಹೊರಗೆ ಹೋಗುವುದನ್ನು ನಾವು ಕಲಿಸಬೇಕಾಗಿ ಬಂದಿರುವುದೇ ಆಶ್ಚರ್ಯ. ಚಳಿಗಾಲ ಮುಗಿಯುವವರೆಗೆ ಕಾಯಬೇಕೆ?
— ಗೃಹಿಣಿಯೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ಕಾಯಬೇಡಿ. ಶಿವರಾತ್ರಿಗೆ ಚಳಿ ಶಿವಶಿವ ಎಂದು ಹೋಗುತ್ತದೆ ಎಂಬ ಮಾತು ನಿಜವಾದರೂ, ಅಷ್ಟರೊಳಗೆ ಬಚ್ಚಲುಮನೆ ಕೆಂಪಿಯ ಪಾಲಿಗೆ ಕಾಯಂ ಜಾಗವಾಗಿಬಿಟ್ಟಿರುತ್ತದೆ. ನಾಯಿಗಳು ಮಲಮೂತ್ರಕ್ಕೆ ಹೊತ್ತನ್ನು ಮಾತ್ರವಲ್ಲ, ಕಾಲಡಿಯ ನೆಲದ ಬಗೆಯನ್ನೂ ರೂಢಿ ಮಾಡಿಕೊಳ್ಳುತ್ತವೆ. ಮಣ್ಣು, ಹುಲ್ಲು, ಸಿಮೆಂಟು, ಗೋಣಿತಾಟು, ಇವುಗಳಲ್ಲಿ ಯಾವುದರ ಮೇಲೆ ಹೆಚ್ಚು ಸಲ ಕುಳಿತವೋ ಅದನ್ನೇ ಮತ್ತೆ ಹುಡುಕುತ್ತವೆ. ಈಗ ಮೂರು ವಾರದ ರೂಢಿಯನ್ನು ಬಿಡಿಸುವುದು ಮಾರ್ಚ್ ತಿಂಗಳಲ್ಲಿ ಮೂರು ತಿಂಗಳ ರೂಢಿಯನ್ನು ಬಿಡಿಸುವುದಕ್ಕಿಂತ ಬಹಳ ಸುಲಭ.

ಬೀದಿಯ ನಾಯಿಗೆ ಹೊರಗೆ ಹೋಗುವುದು ತಿಳಿದಿಲ್ಲವೇ ಎಂಬ ನಿಮ್ಮ ಆಶ್ಚರ್ಯ ಸಹಜವಾದದ್ದು. ಆದರೆ ಪೇಟೆಯಲ್ಲಿ ಅದಕ್ಕೆ ಹೊರಗು ಒಳಗು ಎಂಬ ಭೇದವೇ ಇರಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಮಲಗಿ, ಬಿಸಿಲು ಬಿದ್ದ ಮೇಲೆ ಎದ್ದು, ನಾಲ್ಕು ಹೆಜ್ಜೆ ನಡೆದು, ತನಗೆ ಬೇಕಾದ ಹೊತ್ತಿಗೆ ಬೇಕಾದ ಕಡೆ ಅದು ಮುಗಿಸುತ್ತಿತ್ತು. ಈಗ ಅದನ್ನು ಬೆಚ್ಚಗಿನ ಬೂದಿಯ ಮಗ್ಗುಲಿನಿಂದ ಕತ್ತಲಲ್ಲೇ ಎಬ್ಬಿಸಿ, ಕುತ್ತಿಗೆಗೆ ಹಗ್ಗ ಕಟ್ಟಿ, ಹೊಟ್ಟೆಗೆ ತಣ್ಣಗೆ ತಾಗುವ ಒದ್ದೆ ಹುಲ್ಲಿನ ನಡುವೆ ನಿಲ್ಲಿಸಲಾಗುತ್ತಿದೆ. ನಮ್ಮ ಊರಿನ ನಾಯಿಗಳ ಕೂದಲು ಗಿಡ್ಡ ಮತ್ತು ತೆಳು; ಹೊಟ್ಟೆಯ ಅಡಿಯಲ್ಲಂತೂ ಬರೀ ಚರ್ಮ. ಶಿರಸಿಯ ಕಡೆ ಬೆಳಗಿನ ಜಾವದ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿಯುವ ದಿನಗಳಲ್ಲಿ, 38 ರಿಂದ 39 ಡಿಗ್ರಿ ಮೈಶಾಖವಿರುವ ಈ ಜೀವಕ್ಕೆ ಇಬ್ಬನಿಯ ಹುಲ್ಲು ಹೇಗಿರುತ್ತದೆಂಬುದನ್ನು ಬರಿಗಾಲಲ್ಲಿ ಒಮ್ಮೆ ನಿಂತು ನೋಡಿದರೆ ನಿಮಗೂ ತಿಳಿಯುತ್ತದೆ. ಇದರ ಜೊತೆಗೆ ಭಯವೂ ಇದೆ. ಮಲಮೂತ್ರಕ್ಕೆ ಕುಳಿತ ಪ್ರಾಣಿ ಥಟ್ಟನೆ ಓಡಲಾರದು. ಆದ್ದರಿಂದ ಸುರಕ್ಷಿತವೆಂದು ಖಾತ್ರಿಯಾಗದ ಕಡೆ ಅದು ಕುಳಿತುಕೊಳ್ಳುವುದೇ ಇಲ್ಲ. ಮರದಿಂದ ಮರಕ್ಕೆ ಹಾರುವ ಮಂಗಗಳು, ಕೊನೆ ಕೊಯ್ಯಲು ಬಂದ ಕೊನೆಗೌಡರ ಕೂಗು, ತೋಟದಲ್ಲಿ ಧೊಪ್ಪೆಂದು ಬೀಳುವ ಹೆಡಲು (ಒಣಗಿದ ಗರಿ), ಇವೆಲ್ಲ ನಿಮಗೆ ದಿನನಿತ್ಯದ ಸಂಗತಿಗಳಾದರೂ ಪೇಟೆಯಿಂದ ಬಂದ ಕೆಂಪಿಗೆ ಹೊಸವು.

ಇನ್ನು ಬಚ್ಚಲುಮನೆಯನ್ನೇ ಅದು ಏಕೆ ಆರಿಸಿಕೊಂಡಿತು ಎಂಬುದನ್ನು ನಾಯಿಯ ಮೂಗಿನಿಂದ ಯೋಚಿಸಿ ನೋಡಿ. ಅಲ್ಲಿ ಬೆಚ್ಚಗಿದೆ, ನೆಲ ಮೊದಲೇ ಒದ್ದೆಯಾಗಿದೆ, ನೀರು ಹರಿದು ಹೋಗುವ ಕಿಂಡಿಯಿದೆ, ಮನುಷ್ಯರ ಮೂತ್ರದ ವಾಸನೆಯೂ ಸ್ವಲ್ಪ ಇರುತ್ತದೆ. ಈ ಮನೆಯವರು ಮಾಡುವ ಜಾಗ ಇದು ಎಂದು ಅದು ತಿಳಿದುಕೊಂಡಿದ್ದರೆ ಅದರ ತಿಳಿವಳಿಕೆಯಲ್ಲಿ ತಪ್ಪಿಲ್ಲ. ಸಗಣಿ ಸಾರಿಸಿದ ಅಂಗಳದ ವಿಷಯವೂ ಹಾಗೆಯೇ. ನಮಗೆ ಅದು ಶುದ್ಧವಾದ ಕಣ. ನಾಯಿಗೆ ಅದು ದನ ಸಗಣಿ ಹಾಕಿದ ನೆಲ. ಕೆಂಪಿ ಹಟದಿಂದಾಗಲೀ ಸೋಮಾರಿತನದಿಂದಾಗಲೀ ಹೀಗೆ ಮಾಡುತ್ತಿಲ್ಲ. ಬೆಚ್ಚಗಿರುವ, ಭಯವಿಲ್ಲದ, ವಾಸನೆಯಿಂದ ಒಪ್ಪಿಗೆಯಾದ ಜಾಗವನ್ನು ಅದು ಹುಡುಕುತ್ತಿದೆ. ಅಂತಹ ಜಾಗವನ್ನು ನೀವು ಹೊರಗೆ ಮಾಡಿಕೊಟ್ಟರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಂತೆ.

ಹಿಮ ಬೀಳುವ ನಾಡುಗಳಲ್ಲಿ ನಾಯಿ ಸಾಕುವವರು ಮನೆಯ ಹಿಂದೆ ಒಂದು ತುಂಡು ನೆಲದ ಹಿಮವನ್ನು ಸಲಿಕೆಯಿಂದ ಸರಿಸಿ ನಾಯಿಗೆ ಒಣ ನೆಲ ತೋರಿಸುತ್ತಾರೆ. ನಿಮಗೆ ಸರಿಸಬೇಕಾದ ಹಿಮವಿಲ್ಲ, ಇಬ್ಬನಿ ಮಾತ್ರ ಇದೆ. ಬಚ್ಚಲುಮನೆಯ ಹಿಂಗೋಡೆ ಅಥವಾ ಕೊಟ್ಟಿಗೆಯ ಪಕ್ಕದಲ್ಲಿ, ಅಡಿಕೆ ಹರವುವ ಅಂಗಳಕ್ಕೂ ಬಾವಿಗೂ ದೂರವಾದ, ಗಾಳಿಗೆ ಮರೆಯಿರುವ ಸುಮಾರು ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಜಾಗವನ್ನು ಆರಿಸಿಕೊಳ್ಳಿ. ಮಾಡಿನ ಸೂರು ಅಲ್ಲಿಯವರೆಗೆ ಚಾಚಿದ್ದರೆ ಒಳ್ಳೆಯದು. ಇಲ್ಲವಾದರೆ ನಾಲ್ಕು ಗೂಟ ನೆಟ್ಟು ಮೇಲೆ ಸೋಗೆ ಹೊದಿಸಿದರೂ ಸಾಕು, ಇಬ್ಬನಿ ನೆಲಕ್ಕೆ ಇಳಿಯುವುದಿಲ್ಲ. ಅಲ್ಲಿಯ ಹುಲ್ಲನ್ನು ಕೆರೆದು ಒಣ ಮಣ್ಣಿಗೆ ಸ್ವಲ್ಪ ಮರಳು ಸೇರಿಸಿ ಹರವಿ. ಬೆಟ್ಟದಿಂದ ತಂದ ದರಕನ್ನು, ಅಂದರೆ ಉದುರಿದ ಒಣ ಎಲೆಗಳನ್ನು, ಮಾತ್ರ ಅಲ್ಲಿ ಹಾಸಬೇಡಿ. ಕಾರಣವನ್ನು ಮುಂದೆ ಹೇಳುತ್ತೇನೆ. ಬಚ್ಚಲೊಲೆಯ ಬೂದಿಯೂ ಬೇಡ, ಏಕೆಂದರೆ ಒದ್ದೆಯಾದ ಬೂದಿ ಕ್ಷಾರವಾಗಿ ನಾಯಿಯ ಕಾಲಡಿಯ ಚರ್ಮವನ್ನು ಉರಿಸುತ್ತದೆ. ಮುಂದಿನ ಬಾರಿ ಅದು ಒಳಗೆ ಮೂತ್ರ ಮಾಡಿದಾಗ ಒಂದು ಹಳೆಯ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ತೊಳೆಯದೆ ಹೊಸ ಜಾಗದ ಮಣ್ಣಿನಲ್ಲಿ ಅರ್ಧ ಹೂತಿಡಿ. ಕೆಂಪಿಯ ಮೂಗಿಗೆ ಇದು ನನ್ನದೇ ಜಾಗ ಎಂಬ ಗುರುತು ಅದರಿಂದ ಸಿಗುತ್ತದೆ.

ಹೊರಗೆ ವಾಸನೆ ಉಳಿಯಬೇಕು, ಒಳಗೆ ಅಳಿಯಬೇಕು. ಇಲ್ಲಿ ಅತ್ತೆಯವರಿಗೆ ವಿನಯದಿಂದ ಒಂದು ಮಾತು ತಿಳಿಸಬೇಕಾಗಿದೆ. ಗೋಮೂತ್ರ ಚಿಮುಕಿಸುವುದು ಅವರ ನೇಮ. ಅದನ್ನು ಬಿಡಿರೆಂದು ನಾನು ಹೇಳಲಾರೆ. ಆದರೆ ಯಾವ ಪ್ರಾಣಿಯ ಮೂತ್ರವಾದರೂ ಕೆಡುತ್ತಾ ಬಂದಂತೆ ಅಮೋನಿಯಾ ಆಗುತ್ತದೆ, ಆ ಘಾಟು ನಾಯಿಯನ್ನು ಅದೇ ಮೂಲೆಗೆ ಮತ್ತೆ ಕರೆಯುತ್ತದೆ. ಆದ್ದರಿಂದ ಕೆಂಪಿ ಹೊಲಸು ಮಾಡಿದ ಕಡೆ ಮೊದಲು ಸಾಬೂನಿನ ನೀರಿನಿಂದ ತೊಳೆದು, ಒಂದು ಪಾಲು ವಿನೆಗರಿಗೆ ಒಂದು ಪಾಲು ನೀರು ಬೆರೆಸಿ ಒರೆಸಿ, ಐದು ನಿಮಿಷದ ನಂತರ ಬರಿಯ ನೀರಿನಿಂದ ತೊಳೆಯಿರಿ. ಹೊಳಪಿನ ಕೆಂಪು ನೆಲವಾದರೆ ವಿನೆಗರನ್ನು ಹೆಚ್ಚು ಹೊತ್ತು ನಿಲ್ಲಲು ಬಿಡಬೇಡಿ. ಮಣ್ಣಿನ ನೆಲವಾದರೆ ನೆನೆದ ಮಣ್ಣನ್ನು ಕೆರೆದು ತೆಗೆದು, ಹೊಸ ಮಣ್ಣು ಬಡಿದು ಸಾರಿಸಬೇಕು. ಪ್ರೋಕ್ಷಣೆಯನ್ನು ಕೆಂಪಿಗೆ ಪ್ರವೇಶವಿಲ್ಲದ ಕಡೆಗಳಿಗೆ ಇಟ್ಟುಕೊಂಡರೆ ಅವರ ನೇಮವೂ ಉಳಿಯುತ್ತದೆ, ನಿಮ್ಮ ಕೆಲಸವೂ ಕೆಡುವುದಿಲ್ಲ. ಫಿನಾಯಿಲ್ ಬಳಸಬೇಡಿ, ಅದನ್ನು ತುಳಿದ ಕಾಲನ್ನು ನಾಯಿ ನೆಕ್ಕಿಕೊಂಡರೆ ಹೊಟ್ಟೆಗೆ ವಿಷವಾಗುತ್ತದೆ. ಬಚ್ಚಲುಮನೆಯ ಬಾಗಿಲಿಗೆ ಕೆಲವು ವಾರಗಳ ಮಟ್ಟಿಗೆ ಅಡಿಕೆ ದಬ್ಬೆಯ ತಟ್ಟಿಯೊಂದನ್ನು ಅಡ್ಡ ಕಟ್ಟಿ. ಒಲೆಯ ಬೂದಿಯಲ್ಲಿ ಕೆಂಡ ಉಳಿದು ಮಲಗಿದ ನಾಯಿಯ ಮೈ ಸುಟ್ಟುಕೊಂಡದ್ದನ್ನು ನಾನು ಹಲವು ಸಲ ನೋಡಿದ್ದೇನೆ; ಆ ಕಾರಣಕ್ಕೂ ಈ ತಟ್ಟಿ ಬೇಕು. ಅದರ ಬದಲಿಗೆ ಜಗಲಿಯ ಒಳಮೂಲೆಯಲ್ಲಿ ಮರದ ಮಣೆಯ ಮೇಲೆ ಎರಡು ಗೋಣಿಚೀಲ ಮಡಿಸಿ ಹಾಕಿ, ಮೇಲೊಂದು ಹಳೆಯ ಕಂಬಳಿ ಹಾಸಿಕೊಡಿ. ತಾನು ಮಲಗುವ ಹಾಸಿಗೆಯನ್ನು ಆರೋಗ್ಯವಂತ ನಾಯಿ ಸಾಮಾನ್ಯವಾಗಿ ಕೆಡಿಸುವುದಿಲ್ಲ.

ಈಗ ಹೊತ್ತಿನ ವಿಷಯ. ಐದೂವರೆ ನಿಮ್ಮ ಮನೆಯ ಹೊತ್ತು, ಅದರದ್ದಲ್ಲ. ಒಂದೂವರೆ ವರ್ಷದ ಆರೋಗ್ಯವಂತ ನಾಯಿ ರಾತ್ರಿ ಎಂಟು ಗಂಟೆಗಳ ಕಾಲ ತಡೆದುಕೊಳ್ಳಬಲ್ಲದು. ಸಂಜೆಯ ಊಟವನ್ನು ಆರೂವರೆಗೆ ಕೊಟ್ಟು, ರಾತ್ರಿ ಹತ್ತಕ್ಕೆ ಕೊನೆಯ ಬಾರಿ ಹೊರಗೆ ಕರೆದೊಯ್ದರೆ, ಬೆಳಿಗ್ಗೆ ಆರಕ್ಕೆ, ಕತ್ತಲು ಸ್ವಲ್ಪ ತಿಳಿಯಾದ ಮೇಲೆ ಎಬ್ಬಿಸಬಹುದು. ಜನವರಿಯಲ್ಲಿ ನಿಮ್ಮ ಕಡೆ ಸೂರ್ಯ ಮೂಡುವುದು ಏಳರ ಹೊತ್ತಿಗೆ. ಮೂತ್ರಕ್ಕೆ ಆರಕ್ಕೆ ಒಮ್ಮೆ, ತಿಂಡಿ ತಿಂದು ಕಾಲು ಗಂಟೆಯಿಂದ ಅರ್ಧ ಗಂಟೆಯೊಳಗೆ ಎಳೆಬಿಸಿಲಿನಲ್ಲಿ ಮಲಕ್ಕೆ ಇನ್ನೊಮ್ಮೆ. ಹಗಲಿನಲ್ಲಿ ನಿದ್ದೆಯಿಂದ ಎದ್ದಾಗ, ಮಧ್ಯಾಹ್ನದ ಊಟದ ನಂತರ, ಮಕ್ಕಳ ಜೊತೆ ಕುಣಿದ ಮೇಲೆ ಕರೆದೊಯ್ಯಿರಿ. ಮೊದಲ ಎರಡು ವಾರ ಇದು ದಿನಕ್ಕೆ ಆರೇಳು ಸಲವಾಗುತ್ತದೆ. ನೀರನ್ನು ಯಾವ ಕಾರಣಕ್ಕೂ ಕಡಿಮೆ ಮಾಡಬೇಡಿ. ಚಳಿಯಲ್ಲಿ ನಾಯಿಗಳು ತಾವಾಗಿಯೇ ಕಡಿಮೆ ಕುಡಿಯುತ್ತವೆ. ಉಗುರುಬೆಚ್ಚಗಿನ ನೀರಿಟ್ಟರೆ ಚೆನ್ನಾಗಿ ಕುಡಿಯುತ್ತವೆ.

ಹೊರಗೆ ನಿಂತಾಗ ಏನು ಮಾಡಬೇಕೆಂಬುದೇ ನಿಮ್ಮ ಪ್ರಶ್ನೆಯ ತಿರುಳು. ಹಗ್ಗ ಹಿಡಿದು ನೇರವಾಗಿ ಅದೇ ಜಾಗಕ್ಕೆ ಹೋಗಿ ಸುಮ್ಮನೆ ನಿಲ್ಲಿ. ಮಾತಾಡಿಸಬೇಡಿ, ಎಳೆಯಬೇಡಿ, ಮುಖವನ್ನೇ ದಿಟ್ಟಿಸಬೇಡಿ. ಅದು ಮೂಸುತ್ತಾ ಒಂದೆರಡು ಸುತ್ತು ತಿರುಗಲಿ. ಕುಳಿತಾಗ ಮೆಲ್ಲಗೆ ಒಂದೇ ಮಾತು ಹೇಳಿ. ಯಾವ ಮಾತಾದರೂ ಸರಿ, ಮನೆಮಂದಿಯೆಲ್ಲ ಅದನ್ನೇ ಹೇಳಬೇಕು. ಮುಗಿಸಿ ಎದ್ದ ಎರಡು ಕ್ಷಣದೊಳಗೆ, ಅಲ್ಲೇ, ಅದರ ಬಾಯಿಗೆ ತಿನಿಸಿನ ಚೂರು ಹೋಗಬೇಕು. ನಿಮ್ಮದು ಸಸ್ಯಾಹಾರಿ ಮನೆಯಾಗಿದ್ದರೆ ಉಪ್ಪುಖಾರವಿಲ್ಲದ ದೋಸೆಯ ತುಂಡು ಅಥವಾ ಉಗುರಿನಷ್ಟು ಹಸಿ ಕೊಬ್ಬರಿ ಸಾಕು. ಒಣದ್ರಾಕ್ಷಿ ಮಾತ್ರ ಬೇಡ, ಅದು ನಾಯಿಯ ಮೂತ್ರಪಿಂಡಕ್ಕೆ ವಿಷ. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಸಿಕ್ಕಿತೆಂದು ಅದು ತಿಳಿಯುತ್ತದೆ. ಆಮೇಲೆ ತಡಮಾಡದೆ ಬೆಚ್ಚಗಿನ ಹಾಸಿಗೆಗೆ ಕರೆತನ್ನಿ. ಬೇಸಿಗೆಯಲ್ಲಾದರೆ ಮುಗಿಸಿದ ಮೇಲೆ ಸ್ವಲ್ಪ ಸುತ್ತಾಡಿಸಿರೆಂದು ಹೇಳುತ್ತಿದ್ದೆ. ಚಳಿಯಲ್ಲಿ ಒಳಗಿನ ಬೆಚ್ಚನೆಯೇ ಎಲ್ಲಕ್ಕಿಂತ ದೊಡ್ಡ ಬಹುಮಾನ. ಮುಗಿಸಿದರೆ ಬೆಚ್ಚಗಿನ ಕಡೆಗೆ ದಾರಿ ತೆರೆಯುತ್ತದೆ ಎಂಬ ಸಂಬಂಧ ಕೆಂಪಿಯ ತಲೆಯಲ್ಲಿ ಕೂಡಿಕೊಂಡ ದಿನ ನಿಮ್ಮ ಕಷ್ಟ ಕಳೆಯುತ್ತದೆ.

ಏಳೆಂಟು ನಿಮಿಷವಾದರೂ ಮಾಡದಿದ್ದರೆ ಚಳಿಯಲ್ಲಿ ನಿಲ್ಲಿಸಿಕೊಂಡಿರಬೇಡಿ. ಒಳಗೆ ಕರೆತನ್ನಿ, ಆದರೆ ಹಗ್ಗ ಬಿಚ್ಚಬೇಡಿ. ನೀವು ಹಾಲು ಕಾಯಿಸುವಾಗಲೋ ಅಡಿಕೆ ಸುಲಿಯುವಾಗಲೋ ಹಗ್ಗ ನಿಮ್ಮ ಮಗ್ಗುಲಲ್ಲೇ ಇರಲಿ, ಕೆಂಪಿ ನಿಮ್ಮ ಕಣ್ಣೆದುರು ಇರಲಿ. ಹತ್ತು ಹದಿನೈದು ನಿಮಿಷದ ನಂತರ ಮತ್ತೆ ಅದೇ ಜಾಗಕ್ಕೆ ಹೋಗಿ. ಈ ಎರಡನೆಯ ಅಥವಾ ಮೂರನೆಯ ಸಲ ಅದು ಖಂಡಿತ ಮಾಡುತ್ತದೆ. ಒಳಗೆ ಬಂದೊಡನೆ ಮಾಡಿಬಿಡುತ್ತದೆ ಎಂಬ ನಿಮ್ಮ ದೂರು ಇದರಿಂದಲೇ ಹೋಗಬೇಕು. ಇಲ್ಲಿಯವರೆಗೆ ಒಳಗೆ ಬಂದೊಡನೆ ಹಗ್ಗ ಬಿಚ್ಚಿ ಬಿಡುತ್ತಿದ್ದಿರಿ, ತಡೆದುಕೊಂಡದ್ದನ್ನು ಅದು ಬಚ್ಚಲಿಗೆ ಹೋಗಿ ಇಳಿಸುತ್ತಿತ್ತು. ಮಾಡುವವರೆಗೆ ಹೊರಗೇ ಕಟ್ಟಿಹಾಕಿ ಬರುವ ಕ್ರಮ ಕೆಲವರಲ್ಲಿದೆ. ನನಗೆ ಅದು ಒಪ್ಪಿಗೆಯಿಲ್ಲ. ಒಂಟಿಯಾಗಿ ಕಟ್ಟಿದ ಹೊಸ ನಾಯಿ ಬಾಗಿಲ ಕಡೆ ನೋಡುತ್ತಾ ನಡುಗುತ್ತಿರುತ್ತದೆಯೇ ಹೊರತು ಮೂತ್ರದ ಯೋಚನೆ ಮಾಡುವುದಿಲ್ಲ.

ಗದರಿಸುವುದನ್ನು ಇಂದೇ ನಿಲ್ಲಿಸಿ. ವೃತ್ತಿಗೆ ಬಂದ ಹೊಸತರಲ್ಲಿ ನಾನೇ ಸಾಕಿದ ನಾಯಿಯೊಂದನ್ನು ಜಗಲಿಯಲ್ಲಿ ಮೂತ್ರ ಮಾಡಿದ್ದಕ್ಕೆ ಜೋರಾಗಿ ಗದರಿಸಿದ್ದೆ. ಜಗಲಿಯಲ್ಲಿ ಮಾಡಬಾರದೆಂದು ಅದು ಕಲಿಯಲಿಲ್ಲ. ನನ್ನ ಎದುರು ಮಾಡಬಾರದೆಂದು ಕಲಿಯಿತು. ಆಮೇಲೆ ನಾನು ಹಗ್ಗ ಹಿಡಿದು ನಿಂತರೆ ಅರ್ಧ ಗಂಟೆಯಾದರೂ ಬಿಗಿಹಿಡಿದುಕೊಂಡು ನಿಲ್ಲುತ್ತಿತ್ತು, ಒಳಗೆ ಬಂದು ಭತ್ತದ ಮೂಟೆಗಳ ಹಿಂದೆ ಅಡಗಿ ಮಾಡುತ್ತಿತ್ತು. ಆ ಭಯವನ್ನು ಕಳೆಯಲು ನನಗೆ ಎರಡು ತಿಂಗಳು ಹಿಡಿಯಿತು. ಕೆಂಪಿ ಮಂಚದಡಿ ಸೇರುವುದನ್ನು ನೀವು ತಪ್ಪಿನ ಅರಿವೆಂದು ತಿಳಿದಿರಬಹುದು. ಅದು ನಿಮ್ಮ ದನಿಗೆ ಹೆದರಿದ್ದು ಮಾತ್ರ. ಒಳಗೆ ಕುಳಿತದ್ದು ಕಣ್ಣಿಗೆ ಬಿದ್ದರೆ ಚಪ್ಪಾಳೆ ತಟ್ಟಿ ಗಮನ ಸೆಳೆದು, ಮೆಲ್ಲಗೆ ಹೊರಗೆ ನಡೆಸಿಕೊಂಡು ಹೋಗಿ; ಮುಗಿದ ಮೇಲೆ ಕಂಡರೆ ಏನೂ ಹೇಳದೆ ಒರೆಸಿ.

ಸುಗ್ಗಿಯ ಕಾಲದ ಇನ್ನೊಂದು ಎಚ್ಚರಿಕೆ ಅಡಿಕೆಯದು. ಸಿಪ್ಪೆಸಹಿತ ಬಿಸಿಲಿಗೆ ಒಣಗಿಸುವ ಚಾಲಿ ಅಡಿಕೆ 35 ರಿಂದ 40 ದಿನ ಅಂಗಳದಲ್ಲೇ ಇರುವುದರಿಂದ, ಅಷ್ಟು ದಿನ ಕೆಂಪಿ ಅಂಗಳ ದಾಟುವಾಗ ಹಗ್ಗದಲ್ಲೇ ಇರಲಿ. ಆಟದ ನೆಪದಲ್ಲಿ ನಾಯಿಗಳು ಅಡಿಕೆಯನ್ನು ಕಚ್ಚಿ ಒಡೆಯುತ್ತವೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶವನ್ನು ಹಿಂದೆ ನಾಯಿಗಳ ಲಾಡಿಹುಳು ಬೀಳಿಸಲು ಔಷಧವಾಗಿ ಕೊಡುತ್ತಿದ್ದರು. ಅದು ಕರುಳನ್ನು ಅಷ್ಟು ಜೋರಾಗಿ ಹಿಂಡುತ್ತದೆ. ಇದ್ದಕ್ಕಿದ್ದಂತೆ ಜೊಲ್ಲು ಸುರಿಸಿ, ವಾಂತಿ ಮಾಡಿ, ನೀರಾಗಿ ಭೇದಿ ಮಾಡಿದರೆ ಅದನ್ನು ಕಲಿಕೆಯ ದೋಷವೆನ್ನಬೇಡಿ; ಅಡಿಕೆ ತಿಂದಿತೇ ಎಂದು ನೋಡಿ, ತಡಮಾಡದೆ ವೈದ್ಯರಿಗೆ ತೋರಿಸಿ. ಮಲವನ್ನು ದಿನವೂ ಅಡಿಕೆ ಹಾಳೆಯ ತುಂಡಿನಿಂದ ಎತ್ತಿ, ಬಾವಿಯಿಂದ ದೂರ ಒಂದೂವರೆ ಅಡಿ ಆಳದಲ್ಲಿ ಹೂತುಬಿಡಿ. ತರಕಾರಿಗೆ ಹಾಕುವ ಗೊಬ್ಬರಗುಂಡಿಗೆ ಹಾಕಬೇಡಿ. ನಾಯಿಯ ಕೊಕ್ಕೆಹುಳುವಿನ ಮರಿಗಳು ತೇವದ ಮಣ್ಣಿನಲ್ಲಿ ಬೆಳೆದು, ಬರಿಗಾಲಲ್ಲಿ ಓಡಾಡುವ ಮಕ್ಕಳ ಚರ್ಮವನ್ನು ಹೊಗುತ್ತವೆ. ಆದ್ದರಿಂದ ಜಂತುಹುಳದ ಔಷಧವನ್ನೂ ವೈದ್ಯರು ಹೇಳಿದ ಅವಧಿಗೆ ತಪ್ಪದೆ ಹಾಕಿಸಿ.

ಮಲಕ್ಕೆಂದು ನಾಯಿಯನ್ನು ಬೆಟ್ಟದ ಅಂಚಿಗೆ, ಹುಲ್ಲಿನ ಬೇಣಕ್ಕೆ ಬಿಟ್ಟುಬಿಡುವುದು ನಮ್ಮ ಕಡೆಯ ಹಳೆಯ ರೂಢಿ. ಚಳಿಗಾಲದಲ್ಲಿ ಇದು ಬೇಡವೆಂದು ಒತ್ತಿ ಹೇಳುತ್ತೇನೆ. ಮಳೆ ನಿಂತ ಮೇಲೆ ದರಕಿನಲ್ಲಿ ಉಣುಗಿನ (ಉಣ್ಣಿಯ) ಮರಿಗಳು ಹೆಚ್ಚುತ್ತವೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಈ ಉಣುಗುಗಳ ಕಡಿತದಿಂದಲೇ ಹರಡುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಕಾಲ. ನೆರೆಯ ಸಿದ್ದಾಪುರ ತಾಲ್ಲೂಕಿನವರಿಗೆ ಅದರ ನೋವು ಚೆನ್ನಾಗಿ ಗೊತ್ತು. ನಾಯಿಯ ಹಿಂದೆ ದರಕಿನಲ್ಲಿ ನಡೆಯುವ ನಿಮಗೂ ಉಣುಗು ಹತ್ತುತ್ತದೆ, ನಾಯಿಯ ಮೈಮೇಲೆ ಕುಳಿತು ಮನೆಗೂ ಬರುತ್ತದೆ. ನಾಯಿಗಳಿಗೆ ಬರುವ ಉಣ್ಣಿ ಜ್ವರವೇ ಬೇರೆ. ಅದರಲ್ಲಿ ಒಂದು ಬಗೆಯಲ್ಲಿ ಮೂತ್ರ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ರಾತ್ರಿಯ ಸಲ ಹೋಗುವಾಗ ಬ್ಯಾಟರಿ ಹಿಡಿದು, ಹಗ್ಗ ಬಿಡದೆ, ಮನೆಯ ಬೆಳಕಿನ ಆಚೆಗೆ ಹೋಗದಿರಿ. ತೋಟದ ಮನೆಗಳ ಸುತ್ತ ಚಿರತೆ ಬರುವುದು ಹೆಚ್ಚಾಗಿ ನಾಯಿಗಾಗಿಯೇ.

ಎರಡು ವಾರದಲ್ಲಿ ಒಳಗಿನ ತಪ್ಪುಗಳು ದಿನಕ್ಕೊಂದರಿಂದ ವಾರಕ್ಕೊಂದಕ್ಕೆ ಇಳಿದರೆ ಸರಿಯಾದ ದಾರಿಯಲ್ಲಿದ್ದೀರಿ. ನಡುವೆ ಒಂದೆರಡು ದಿನ ಮತ್ತೆ ಹಳೆಯದಕ್ಕೆ ಜಾರಿದರೆ ಗಾಬರಿಯಾಗಬೇಡಿ. ಹೆಚ್ಚು ಮಂಜು ಬಿದ್ದ ಬೆಳಗಿನಲ್ಲಿ, ಮನೆಗೆ ನೆಂಟರು ಬಂದ ದಿನದಲ್ಲಿ ಹಾಗಾಗುತ್ತದೆ.

ಪ್ರಶ್ನೆ: ಕಾರವಾರದಲ್ಲಿ ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿದ್ದೇವೆ. ಮೂರು ತಿಂಗಳ ಗಂಡು ಮರಿಯೊಂದನ್ನು ದತ್ತು ಪಡೆದು ಹತ್ತು ದಿನಗಳಾದವು. ಇಲ್ಲಿ ಅಂತಹ ಚಳಿಯೇನೂ ಇಲ್ಲ, ಆದರೂ ಬೆಳಿಗ್ಗೆ ಕೆಳಗೆ ಇಳಿಸಿದರೆ ನಡುಗುತ್ತದೆ. ಮೆಟ್ಟಿಲ ಮೇಲೆಯೇ ಮೂತ್ರ ಮಾಡುತ್ತದೆ. ಸಮುದ್ರದಂಡೆಯ ಮರಳಿಗೆ ಕರೆದೊಯ್ದು ರೂಢಿ ಮಾಡಿಸಬಹುದೆ?
— ಓದುಗರು, ಕಾರವಾರ

ಉತ್ತರ: ಕಾರವಾರದ ಚಳಿ ನಿಮಗೆ ಹಿತವಾಗಿದ್ದರೂ, ಬೆಳಗಿನ ಜಾವ ನೆಲದ ಕಡೆಯಿಂದ ಕಡಲಿಗೆ ಬೀಸುವ ಗಾಳಿ ಸಣ್ಣ ಮರಿಗೆ ತಣ್ಣಗೇ ಸರಿ. ಮೂರು ತಿಂಗಳ ಮರಿ ಎಚ್ಚರವಿದ್ದಾಗ ಮೂರು ನಾಲ್ಕು ಗಂಟೆಗಿಂತ ಹೆಚ್ಚು ತಡೆದುಕೊಳ್ಳಲಾರದು, ನಿದ್ದೆಯಿಂದ ಎದ್ದ ಕ್ಷಣದಲ್ಲಂತೂ ಒಂದು ನಿಮಿಷವೂ ತಾಳದು. ಮೂರು ಮಹಡಿ ಇಳಿಯುವಷ್ಟು ಪುರಸೊತ್ತು ಅದಕ್ಕಿಲ್ಲ. ಎದ್ದೊಡನೆ ಎತ್ತಿಕೊಂಡು, ಟವೆಲಿನಲ್ಲಿ ಸುತ್ತಿ, ಕೆಳಗಿನ ಮಣ್ಣಿನವರೆಗೆ ಕೈಯಲ್ಲೇ ಒಯ್ದು ಇಳಿಸಿರಿ. ಎತ್ತಿಕೊಂಡಿರುವಾಗ ಮರಿಗಳು ಸಾಮಾನ್ಯವಾಗಿ ಮಾಡುವುದಿಲ್ಲ.

ಟಾಗೋರ್ ಕಡಲತೀರದ ಮರಳಿಗೆ ಈಗಲೇ ಬೇಡ. ಮರಿಗಳ ಲಸಿಕೆಯ ಸರಣಿ ನಾಲ್ಕು ತಿಂಗಳ ಸುಮಾರಿಗೆ ಮುಗಿಯುತ್ತದೆ. ಅಲ್ಲಿಯವರೆಗೆ ಬೇರೆ ನಾಯಿಗಳು ಮಲ ಹಾಕುವ ಕಡೆ ಅದನ್ನು ನೆಲಕ್ಕೆ ಬಿಡುವುದು ಅಪಾಯ. ಮರಿಗಳಿಗೆ ವಾಂತಿಭೇದಿ ತರುವ ಪಾರ್ವೋ ರೋಗದ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಬೇರೆ ನಾಯಿಗಳು ಬಾರದ ಕಂಪೌಂಡಿನ ಮೂಲೆಯಿದ್ದರೆ ಅದನ್ನೇ ಬಳಸಿ. ಅದೂ ಇಲ್ಲದಿದ್ದರೆ ಬಾಲ್ಕನಿಯಲ್ಲಿ ಅಗಲವಾದ ತಟ್ಟೆಯೊಂದರಲ್ಲಿ ಎರಡು ಅಂಗುಲ ಮಣ್ಣು ಹರವಿಡಿ, ಹಳೆಯ ಕಾಗದ ಅಥವಾ ಕಾಲೊರೆಸು ಬೇಡ. ಮಣ್ಣಿನ ಮೇಲೆ ಕಲಿತ ಮರಿ ಮುಂದೆ ಕೆಳಗಿನ ಮಣ್ಣನ್ನು ಸುಲಭವಾಗಿ ಒಪ್ಪುತ್ತದೆ. ಕಾಲೊರೆಸಿನ ಮೇಲೆ ಕಲಿತದ್ದು ನಿಮ್ಮ ಮನೆಯ ಪ್ರತಿಯೊಂದು ಕಾಲೊರೆಸನ್ನೂ ಹುಡುಕುತ್ತದೆ. ಲಸಿಕೆ ಮುಗಿದ ಮೇಲೆ ಮರಳಿಗೂ ಒಯ್ಯಿರಿ, ಕೈಯಲ್ಲಿ ಚೀಲ ಹಿಡಿದು ಎತ್ತಿ ತನ್ನಿ, ಉಪ್ಪುನೀರು ಕುಡಿಯಲು ಬಿಡಬೇಡಿ. ಕುಡಿದರೆ ಆ ದಿನವಿಡೀ ಭೇದಿಯಾಗುತ್ತದೆ.

ಪ್ರಶ್ನೆ: ಬೆಂಗಳೂರಿಗೆ ಹೋಗಿ ನೆಲೆಸಿದ ನೆಂಟರು ಬಿಟ್ಟುಹೋದ ಒಂಬತ್ತು ವರ್ಷದ ಹೆಣ್ಣು ನಾಯಿಯನ್ನು ನಾವು ಇಟ್ಟುಕೊಂಡಿದ್ದೇವೆ. ಮೊದಲು ಬಹಳ ಶುಚಿಯಾಗಿತ್ತಂತೆ. ಈ ಚಳಿಗಾಲದಲ್ಲಿ ಮಲಗಿದಲ್ಲೇ ಹಾಸಿಗೆ ಒದ್ದೆಯಾಗುತ್ತದೆ, ಬೆಳಿಗ್ಗೆ ಮೆಟ್ಟಿಲಿಳಿಯಲು ಹಿಂಜರಿಯುತ್ತದೆ. ಹೊಸ ಮನೆಯ ಬೇಸರವೋ ಚಳಿಯೋ ತಿಳಿಯದು. ರಾತ್ರಿ ನೀರು ಕೊಡುವುದನ್ನು ನಿಲ್ಲಿಸಿದ್ದೇವೆ.
— ಓದುಗರು, ಯಲ್ಲಾಪುರ

ಉತ್ತರ: ದಯವಿಟ್ಟು ಇಂದು ರಾತ್ರಿಯಿಂದಲೇ ನೀರಿಡಿ. ಎಚ್ಚರವಿದ್ದು ಒಳಗೆ ಮಾಡುವ ನಾಯಿಗೂ, ಮಲಗಿದಲ್ಲಿ ಅರಿವಿಲ್ಲದೆ ಸೋರುವ ನಾಯಿಗೂ ಬಹಳ ವ್ಯತ್ಯಾಸವಿದೆ. ಎರಡನೆಯದು ಕಲಿಕೆಯ ಪ್ರಶ್ನೆಯಲ್ಲ, ಚಿಕಿತ್ಸೆಯ ಪ್ರಶ್ನೆ. ಸಂತಾನಹರಣವಾದ ಹೆಣ್ಣು ನಾಯಿಗಳಲ್ಲಿ ವಯಸ್ಸಾದಂತೆ ಮೂತ್ರನಾಳದ ಬಿಗಿ ಸಡಿಲಾಗಿ ನಿದ್ದೆಯಲ್ಲಿ ಸೋರುವುದುಂಟು. ಅದಕ್ಕೆ ಒಳ್ಳೆಯ ಔಷಧಗಳಿವೆ. ಮೂತ್ರದ ಸೋಂಕು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ದೌರ್ಬಲ್ಯ ಇವುಗಳಲ್ಲೂ ಹೀಗಾಗುತ್ತದೆ. ಅವುಗಳಲ್ಲಿ ನಾಯಿ ಹೆಚ್ಚು ನೀರು ಕುಡಿಯುವುದು ದೇಹಕ್ಕೆ ಬೇಕಾಗಿಯೇ ಆದ್ದರಿಂದ, ನೀರು ತಪ್ಪಿಸಿದರೆ ಮೂತ್ರಪಿಂಡಕ್ಕೆ ಇನ್ನಷ್ಟು ಪೆಟ್ಟು ಬೀಳುತ್ತದೆ. ಬೆಳಗಿನ ಮೊದಲ ಮೂತ್ರವನ್ನು ಶುಚಿಯಾದ ಸ್ಟೀಲ್ ಸೌಟಿನಲ್ಲಿ ಹಿಡಿದು, ಸಣ್ಣ ಬಾಟಲಿಗೆ ಹಾಕಿ, ಒಂದೆರಡು ಗಂಟೆಯೊಳಗೆ ಪಶು ಆಸ್ಪತ್ರೆಗೆ ತಲುಪಿಸಿ. ದಿನಕ್ಕೆ ಎಷ್ಟು ನೀರು ಕುಡಿಯುತ್ತದೆಂದು ಎರಡು ದಿನ ಅಳೆದು ಬರೆದುಕೊಂಡು ಹೋದರೆ ವೈದ್ಯರಿಗೆ ಬಹಳ ಸಹಾಯವಾಗುತ್ತದೆ.

ಮೆಟ್ಟಿಲಿಗೆ ಹಿಂಜರಿಯುವುದು ಕೀಲುನೋವಿನ ಲಕ್ಷಣವಿರಬಹುದು. ಚಳಿಯಲ್ಲಿ ಅದು ಹೆಚ್ಚುತ್ತದೆ, ಕುಳಿತು ಮೂತ್ರ ಮಾಡುವುದೂ ಕಷ್ಟವಾಗುತ್ತದೆ. ಮನುಷ್ಯರ ನೋವಿನ ಮಾತ್ರೆಗಳನ್ನು, ಪ್ಯಾರಾಸಿಟಮಾಲನ್ನೂ ಸೇರಿಸಿ, ಕೊಡಲೇಬೇಡಿ. ಮೆಟ್ಟಿಲ ಮೇಲೆ ಅಗಲವಾದ ಹಲಗೆಯೊಂದನ್ನು ಇಳಿಜಾರಾಗಿ ಇಟ್ಟು, ಕಾಲು ಜಾರದಂತೆ ಗೋಣಿತಾಟು ಬಿಗಿದು ಕಟ್ಟಿ. ಎದ್ದೊಡನೆ ಹೊರಡಿಸದೆ, ಒಳಗೇ ಒಂದೆರಡು ಸುತ್ತು ನಡೆಸಿ, ಕೀಲು ಸಡಿಲಾದ ಮೇಲೆ ಇಳಿಸಿ. ಹೊರಗೆ ಹೋಗುವಾಗ ಬೆನ್ನಿಗೆ ಹಳೆಯ ಸ್ವೆಟರು ತೊಡಿಸುವುದಿದ್ದರೆ ಮೊದಲು ಮನೆಯೊಳಗೆ ಎರಡು ದಿನ ರೂಢಿ ಮಾಡಿಸಿ. ಕೆಲವು ನಾಯಿಗಳು ಬಟ್ಟೆ ತೊಡಿಸಿದರೆ ನಿಂತಲ್ಲೇ ನಿಂತು ಮೂತ್ರವನ್ನೂ ಮಾಡುವುದಿಲ್ಲ. ಒದ್ದೆಯಾದ ಹಾಸಿಗೆಯನ್ನು ರಾತ್ರಿಯೇ ಬದಲಿಸಿ, ತೊಡೆಯ ಒಳಭಾಗವನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಿ ಒಣಗಿಸಿ. ಇಲ್ಲದಿದ್ದರೆ ಚರ್ಮ ಬೆಂದು ಹುಣ್ಣಾಗುತ್ತದೆ. ಪರೀಕ್ಷೆಯ ವರದಿ ಬಂದ ಮೇಲೆ ಮತ್ತೆ ಬರೆಯಿರಿ.